ಕನ್ನಡದ ಸರದಿ ಬರುವಷ್ಟರಲ್ಲಿ

ಮಿರಜ ಜಂಕ್ಷನ್ನಿಗೆ ಎಷ್ಟು ಮಂದಿ ಸಾಹೇಬರಾದರೂ ಇರಲಿ, ಬೇಡಗದ ಆಚೆಗಿನ ಮಾಳವಾಡಿ ಹಾಲ್ಟಿಗೆ ಇದ್ದವನು ಒಬ್ಬನೇ ಚಕ್ರವರ್ತಿ: ಗುರಲಿಂಗ. ಒಂದು ಬೇವಿನ ಮರ, ಒಂದು ಕಲ್ಲುಬೆಂಚು, ಗೂಡಿನಷ್ಟು ಟಿಕೆಟ್ ಕೋಣೆ, ಹೆಂಡತಿ ತುಳಸವ್ವ ತುಂಬಿಡುತ್ತಿದ್ದ ನೀರಿನ ಹರವಿ. ಇಷ್ಟು ಅವನ ಸಾಮ್ರಾಜ್ಯ. ಕಮಿಷನ್ನಿನ ಮೇಲೆ ಟಿಕೆಟ್ ಮಾರುತ್ತಿದ್ದ. ಉಳಿದ ಹೊತ್ತು ಕುರಿ ಕಾಯುತ್ತಿದ್ದ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಕುಪವಾಡದ ಕಾರ್ಖಾನೆಗಳ ಕೂಲಿಯವರನ್ನೂ ಬದನೆಕಾಯಿ ಬುಟ್ಟಿಗಳನ್ನೂ ಹೊತ್ತೊಯ್ದು, ಸಂಜೆಗೆ ಮಂದಿಯನ್ನೂ ಖಾಲಿ ಬುಟ್ಟಿಗಳನ್ನೂ ತಂದಿಳಿಸುತ್ತಿತ್ತು.

ಹಾಲ್ಟಿಗೆ ಸ್ಪೀಕರ್ ಇರಲಿಲ್ಲ, ಗುರಲಿಂಗನ ಗಂಟಲಿತ್ತು. ಗಾಡಿ ನಿಂತೊಡನೆ ಬೆಂಚು ಏರಿ ಮೊದಲು ಮರಾಠಿ, ಆಮೇಲೆ ಹಿಂದಿ, ಕೊನೆಗೆ ಕನ್ನಡದಲ್ಲಿ, ಮಾಳವಾಡಿ ಬಂದಿದೆಯೆಂದು ಲೋಕಕ್ಕೆ ಸಾರುತ್ತಿದ್ದ. ಅದು ಮುಗಿಯುವ ತನಕ ಯಾರೂ ಇಳಿಯಕೂಡದು. ಅವಸರಪಟ್ಟು ಇಳಿದವರನ್ನು ಮತ್ತೆ ಹತ್ತಿಸಿದ್ದೂ ಉಂಟು. ಗಾರ್ಡ್ ಕೂಡ ನಗುತ್ತ ಕಾದು, ಆಮೇಲೆಯೇ ಹಸಿರು ಬಾವುಟ ಎತ್ತುತ್ತಿದ್ದ.

ಈ ಕಾನೂನಿಗೆ ಎಲ್ಲರಿಗಿಂತ ಹೆಚ್ಚು ತಲೆಬಾಗುತ್ತಿದ್ದವಳು ಹರಿಪುರಕ್ಕೆ ಕೊಟ್ಟ ಗುರಲಿಂಗನ ತಂಗಿ ರಂಜನಾ. ಬಸ್ಸು ಹತ್ತಿದರೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ನಾಗರಪಂಚಮಿಗೆ ತವರಿಗೆ ಬರುವುದೆಂದರೆ ಗಾಡಿಯಲ್ಲೇ.

ಮಂದಿ ಫಟಫಟಿ ಬೈಕು ಕೊಂಡರು, ಟಿಕೆಟ್ ಮಾರಾಟ ಇಳಿಯಿತು, ಗಾಡಿ ಮಾಳವಾಡಿಯಲ್ಲಿ ನಿಲ್ಲುವುದನ್ನೇ ಬಿಟ್ಟಿತು. ಗುರಲಿಂಗ ಹರಿಪುರಕ್ಕೆ ಹೋಗಿಬರುತ್ತಾನೆ, ನಿಜ. ಆದರೆ ತವರುಮನೆಯನ್ನು ಹೆಗಲ ಮೇಲೆ ಹೊತ್ತು ಹೋಗಲಾಗದಲ್ಲ. ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾನೆ. ಗಾಳಿ ಬಂದು ಕೂತು ಹೋಗುತ್ತದೆ.

ಈ ಸಲ ರಂಜನಾ ಫೋನ್ ಮಾಡಿದಳು.

“ಅಣ್ಣಾ, ಮುಂದಿನ ಸ್ಟೇಶನ್‌ಕ ಟಿಕೀಟ ತಗಸ್ತೇನಿ. ಅಲ್ಲಿಂದ ಊರಿಗೆ ಬಸ್ಸೇ ಗತಿ, ಅದು ನನಗ ಆಗೂದಿಲ್ಲ. ಹಾದು ಹೋಗೂವಾಗ ನಿನ್ನ ಮಾರಿನಾರ ನೋಡ್ತೇನಿ.”

ಪಂಚಮಿಯ ದಿನ ಗುರಲಿಂಗ ಹಳೆಯ ಕರಿ ಕೋಟು ತೊಟ್ಟ.

“ಕುರಿ ಕಾಯಾಕ ಈ ಕೋಟ ಯಾಕ್ರಿ?” ಎಂದಳು ಹಬ್ಬದ ಸಿಹಿ ಉಂಡಿಯ ಗಂಟು ಹಿಡಿದ ತುಳಸವ್ವ.

“ಇವತ್ತ ಗಾಡಿ ಕಾಯಾಕತ್ತೇನಿ.”

ಮುಂದೆ ಸಿಗ್ನಲ್ ಕೆಂಪಾಗಿತ್ತೋ, ದೇವರಿಗೇ ದಯೆ ಬಂತೋ, ಗಾಡಿ ಮೆಲ್ಲಗಾಗಿ ಹಾಲ್ಟಿನ ಎದುರಿಗೇ ನಿಂತಿತು. ಬಾಗಿಲಲ್ಲಿ ರಂಜನಾ! ಕೈಯಲ್ಲಿ ಚೀಲ, ಮುಖದ ತುಂಬ ನಗು.

ಗುರಲಿಂಗನ ಎದೆ ಉಬ್ಬಿತು. ಬೆಂಚು ಏರಿದ. ಮರಾಠಿಯಲ್ಲಿ ಶುರುಮಾಡಿದ. ರಂಜನಾ ಸೆರಗು ಸರಿಮಾಡಿಕೊಂಡು, ಹಳೆಯ ಕಾನೂನಿಗೆ ತಕ್ಕಂತೆ ನಿಂತು ಕಾದಳು.

“ಅಯ್ಯ, ಮೊದಲ ಅಕಿನ್ನ ಇಳಿಸ್ಕೋರಿ,” ತುಳಸವ್ವ ಕೋಟು ಜಗ್ಗಿದಳು.

ಚಕ್ರವರ್ತಿಗೆ ಕೇಳಿಸಲಿಲ್ಲ. ಹಿಂದಿ ಮುಗಿಯಿತು. ಕನ್ನಡದಲ್ಲಿ “ಪ್ರಯಾಣಿಕರು ದಯವಿಟ್ಟು” ಎನ್ನುವಷ್ಟರಲ್ಲಿ ಗಾಡಿ ಕದಲಿತು. ಅವನು ಬೆಂಚಿನಿಂದ ಇಳಿಯುವ ಹೊತ್ತಿಗೆ ತುಳಸವ್ವ ಓಡಿ ಗಂಟನ್ನು ನಾದಿನಿಯ ಕೈಗೆ ತುರುಕಿದ್ದಳು. ರಂಜನಾಳ ಮುಖ ಸಣ್ಣದಾಗುತ್ತ ಹೋಯಿತು.

ಸ್ವಲ್ಪ ಹೊತ್ತಿಗೆ ಫೋನ್ ಬಂತು.

“ಉಂಡಿ ಛಲೋ ಆಗ್ಯಾವ ಅಣ್ಣಾ.” ಹಿಂದೆ ಗಾಡಿಯ ಸದ್ದು. “ಬರೂ ಪಂಚಮಿಗೆ ಕನ್ನಡದಾಗ ಮೊದಲ ಹೇಳು.”

ಅಂದಿನಿಂದ ಗಾಡಿ ಹಾದುಹೋಗುವಾಗಲೆಲ್ಲ ಗುರಲಿಂಗ ಬೆಂಚು ಏರಿ ಕನ್ನಡದಲ್ಲೇ ಮೊದಲು ಸಾರುತ್ತಾನೆ. ಗಾಡಿ ನಿಲ್ಲುವುದಿಲ್ಲ. ಕುರಿಗಳು ನಿಲ್ಲುತ್ತವೆ.