ಬಿಜ್ಜರಗಿಯ ಬಲೆಗೆ ಏಷ್ಯಾದ ಚೆಂಡು

ಭಾನುವಾರ, ಬೆಳಗಿನ ಐದು ಗಂಟೆ. ಬಿಜ್ಜರಗಿಯ ಊರಂಚಿನ ಮನೆಯೊಂದರ ಮುಂದೆ ಎರಡು ಬೇವಿನ ಮರಗಳ ನಡುವೆ ಹಗ್ಗ ಬಿಗಿದಿದೆ. ಹಗ್ಗದಿಂದ ಬಿಳಿಯ ಬಲೆಯೊಂದು ಇಳಿಬಿದ್ದಿದೆ. ಅದರ ಕೆಳ ಅಂಚಿನಲ್ಲಿ ಮಣೆ ಹಾಕಿಕೊಂಡು ಕುಳಿತ ಬೋರವ್ವ ಬಿದಿರಿನ ದಬ್ಬಣವನ್ನು ಕಣ್ಣಿಯೊಳಗೆ ತೂರಿಸಿ, ಸುತ್ತಿ, ಜಗ್ಗಿ ಗಂಟು ಬಿಗಿಯುತ್ತಾರೆ. ಬಾಗಿಲ ಮೇಲಿನ ಬಲ್ಬಿನ ಬೆಳಕು ಅಲ್ಲಿಯವರೆಗೆ ಸರಿಯಾಗಿ ಮುಟ್ಟುವುದಿಲ್ಲ. ಅದು ಅವರಿಗೆ ಬೇಕಾಗಿಯೂ ಇಲ್ಲ.

“ಕಣ್ಣಿಲೆ ನೋಡಿ ಗಂಟ ಹಾಕಿದ್ರ ತಪ್ಪತೈತ್ರಿ. ಹೆಚ್ಚಾತೋ ಕಡಿಮ್ಯಾತೋ ಬಟ್ಟಿಗೆ ಗೊತ್ತಿರತೈತಿ,” ಎನ್ನುತ್ತಾರೆ. ಅವರು ಬಟ್ಟು ಎನ್ನುವ ಆ ಬೆರಳುಗಳಿಗೆ ಹಳೆಯ ಸೀರೆಯ ಚಿಂದಿ ಸುತ್ತಿದೆ. ನೈಲಾನ್ ನೂಲು ಉಣ್ಣೆಯಂತಲ್ಲ, ಚರ್ಮ ಕೊಯ್ಯುತ್ತದೆ. ಚಳಿಗಾಲದಲ್ಲಿ ಆ ಗಾಯ ಬಾಯಿ ಬಿಟ್ಟರೆ ರೊಟ್ಟಿ ಬಡಿಯುವುದೂ ಕಷ್ಟ.

ಐವತ್ನಾಲ್ಕು ವರ್ಷದ ಬೋರವ್ವ ಕಟ್ಟುತ್ತಿರುವುದು ರಾತ್ರಿ ಕುರಿ ಕೂಡಿಹಾಕುವ ಬಲೆಯಲ್ಲ, ಫುಟ್‌ಬಾಲ್ ಗೋಲಿನ ಬಲೆ. ವಿಜಯಪುರದ ವೃತ್ತಿಪರ ಕ್ಲಬ್ ಡೋಣಿ ಯುನೈಟೆಡ್ ಏಷ್ಯಾ ಖಂಡದ ಟೂರ್ನಿಯಲ್ಲಿ ತವರಿನಲ್ಲಿ ಆಡುವಾಗ ಗೋಲುಕಂಬಗಳಿಗೆ ತೂಗುವುದು ಬಿಜ್ಜರಗಿಯ ಈ ಅಂಗಳದಲ್ಲಿ ಹುಟ್ಟಿದ ಬಲೆ. ಬುಧವಾರ ದೊಡ್ಡ ಪಂದ್ಯವಿದೆ. ಗೆದ್ದರೆ ಡೋಣಿ ಮೊದಲ ಬಾರಿಗೆ ಕೊನೆಯ ಎಂಟು ತಂಡಗಳಲ್ಲಿ ಒಂದಾಗುತ್ತದೆ. ಜೋಡಿಯ ಎರಡನೆಯ ಬಲೆಗೆ ಇನ್ನು ತೊಂಬತ್ತು ಗಂಟು ಬಾಕಿ.

ಡೋಣಿಯ ಏಷ್ಯಾ ಚರಿತ್ರೆ ಎದೆ ತಟ್ಟಿಕೊಂಡು ಹೇಳುವಂಥದ್ದೇನಲ್ಲ. ಅರ್ಹತೆ ಸಿಕ್ಕಿದ್ದು ನಾಲ್ಕು ಸಲ, ಆಡಿದ್ದು ಇಪ್ಪತ್ತೆರಡು ಪಂದ್ಯ. ಪರದೇಶಗಳಲ್ಲಿ ಆಡಿದ ಹನ್ನೊಂದರಲ್ಲಿ ಒಂದಾದರೂ ಗೆಲುವಿಲ್ಲ. ತವರಿನ ಹನ್ನೊಂದರಲ್ಲಿ ಮೊದಲೆರಡಕ್ಕೆ ಕಾರ್ಖಾನೆಯ ಬಲೆ ಇತ್ತು, ಎರಡನ್ನೂ ಸೋತಿತು. ಆಮೇಲಿನ ಒಂಬತ್ತು ಬೋರವ್ವನ ಬಲೆಯ ಮುಂದೆ ನಡೆದವು. ಅದರಲ್ಲಿ ಮೂರು ಗೆಲುವು, ಎರಡು ಸಮ, ನಾಲ್ಕು ಸೋಲು. ಕ್ಲಬ್ಬಿನ ಕಚೇರಿಯಲ್ಲಿ ಇದೆಲ್ಲ ಗಾಜಿನ ಚೌಕಟ್ಟಿನಲ್ಲಿದೆ. ಬೋರವ್ವನ ಮನೆಯಲ್ಲಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ ಕಂದು ಉಣ್ಣೆಯ ಹಗ್ಗದಲ್ಲಿದೆ. ಮರಿ ಹುಟ್ಟಿದಾಗಲೆಲ್ಲ ಹಗ್ಗಕ್ಕೊಂದು ಗಂಟು ಹಾಕುವುದು ಅತ್ತೆ ಗೌರಾಬಾಯಿ ಕಲಿಸಿದ ಲೆಕ್ಕ. ಬೋರವ್ವ ಅದೇ ಲೆಕ್ಕವನ್ನು ಗೋಲಿಗೂ ಹಚ್ಚಿದ್ದಾರೆ. ಈಗ ಅದರಲ್ಲಿ ಇಪ್ಪತ್ತಾರು ಗಂಟುಗಳಿವೆ.

ಈ ನಂಟು ಶುರುವಾದದ್ದು ಒಂದು ತೂತಿನಿಂದ. ಎಂಟು ವರ್ಷದ ಹಿಂದೆ, ಡೋಣಿ ಏಷ್ಯಾಕ್ಕೆ ಕಾಲಿಟ್ಟ ಮೊದಲ ವರ್ಷ, ಸೋತರೆ ಹೊರಬೀಳುವ ಪಂದ್ಯದಲ್ಲಿ ತಂಡದ ಹುಡುಗನೊಬ್ಬ ಹೊಡೆದ ಚೆಂಡು ಗೋಲಿನೊಳಗೆ ಹೋಗಿ, ಹರಿದಿದ್ದ ಬಲೆಯಿಂದ ಆಚೆ ಬಂತು. ಚೆಂಡು ಕಂಬದ ಹೊರಗೆ ಹೋಯಿತೆಂದು ರೆಫರಿ ಕೈ ತೋರಿಸಿದರು. ದಾಖಲೆಯಲ್ಲಿ ಉಳಿದದ್ದು ಸೊನ್ನೆ-ಒಂದು. ಮೈದಾನದ ಮೇಲ್ವಿಚಾರಕ ರಾಜಾರಾಮ ಸಾರವಾಡದವರು. ಬಲೆ ಕಟ್ಟಿಸಿದ್ದು ತಾನೇ, ತೂತು ಕಾಣದೆ ಹೋದದ್ದೂ ತನಗೇ ಎಂದು ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ.

ಅದೇ ವಾರ ಅವರು ಬಿಜ್ಜರಗಿಯ ಶಾಲೆಯಲ್ಲಿ ಶಿಕ್ಷಕಿಯಾಗಿರುವ ತಂಗಿ ಮಾಲಾಳ ಮನೆಗೆ ಬಂದಿದ್ದರು. ಸಂಜೆ ಹೊಲದ ದಾರಿಯಲ್ಲಿ ಒಂದು ದೃಶ್ಯ ಕಂಡಿತು. ಬಯಲಿನಲ್ಲಿ ಕುರಿ ನಿಲ್ಲಿಸಿ ಸುತ್ತ ಬಲೆ ಕಟ್ಟಿದ್ದಾರೆ. ಒಳಗಿನ ಟಗರೊಂದು ಯಾವ ಸಿಟ್ಟಿಗೋ ಹಿಂದೆ ಸರಿದು ಓಡಿಬಂದು ಬಲೆಗೆ ಹಾಯುತ್ತಿದೆ. ಬಲೆ ಜಗ್ಗುತ್ತದೆ, ಹರಿಯುವುದಿಲ್ಲ. ರಾಜಾರಾಮ ಅಲ್ಲೇ ನಿಂತು ನೋಡಿದರು, ಕಟ್ಟಿದವರು ಯಾರೆಂದು ಕೇಳಿದರು. ಕುರಿಗಳ ಮಾಲೀಕ ಶಂಕರೆಪ್ಪ ತಮ್ಮ ಹೆಂಡತಿಯನ್ನು ತೋರಿಸಿದರು.

ಮೊದಲ ಜೋಡಿ ಕೆಟ್ಟಿತು. ಬೋರವ್ವ ಅದನ್ನೂ ಕುರಿಯ ಬಲೆಯ ಹಾಗೇ ಬಿಗಿಯಾಗಿ ಕಟ್ಟಿದ್ದರು. ಅಭ್ಯಾಸದ ವೇಳೆ ಗೋಲಾದ ಚೆಂಡು ಅಷ್ಟೇ ಜೋರಾಗಿ ಮೈದಾನಕ್ಕೆ ವಾಪಸು ಬರುತ್ತಿತ್ತು. ಆಟಗಾರರು ಗೋಲಾಯಿತೋ ಕಂಬಕ್ಕೆ ಬಡಿಯಿತೋ ತಿಳಿಯದೆ ಆಟ ಮುಂದುವರಿಸುತ್ತಿದ್ದರು.

“ಕುರಿ ಬಲಿ ಹೊಡತಾ ತಿರುಗಸಬೇಕ್ರಿ, ಚೆಂಡಿನ ಬಲಿ ಹೊಡತಾ ನುಂಗಬೇಕು. ಇಷ್ಟ ತಿಳ್ಕೊಳ್ಳಾಕ ಎರಡ ಬಲಿ ಕೆಡಸೇನಿ,” ಎಂದು ನಗುತ್ತಾರೆ.

ಈಗ ಒಂದು ಬಲೆಗೆ ಸುಮಾರು ಎರಡೂವರೆ ಸಾವಿರ ಗಂಟು. ನಸುಕಿನಲ್ಲಿ ಎದ್ದು ನೂರೈವತ್ತು, ಮಧ್ಯಾಹ್ನ ದ್ರಾಕ್ಷಿ ತೋಟದ ಕೂಲಿಯಿಂದ ಬಂದಮೇಲೆ ಐವತ್ತು. ಹೀಗೆ ಜೋಡಿ ಮುಗಿಯಲು ಇಪ್ಪತ್ತೈದು ದಿನ. ಬಿಸಿಲಿಗೆ ನೂಲು ಶಿಥಿಲವಾಗುವುದರಿಂದ ವರ್ಷಕ್ಕೊಂದು ಹೊಸ ಜೋಡಿ ಬೇಕು. ಕಣ್ಣಿಯ ಅಳತೆಗೆ ಬೇವಿನ ಕಟ್ಟಿಗೆಯ ಒಂದು ಪಟ್ಟಿ ಇದೆ. ಎಲ್ಲ ಮುಗಿದ ಮೇಲೆ ಕೆಳಮೂಲೆಯ ಕಡೆಯ ಗಂಟನ್ನು ಮಾತ್ರ ಅವರು ನೈಲಾನಿನಲ್ಲಿ ಹಾಕುವುದಿಲ್ಲ. ತಮ್ಮದೇ ಕುರಿಯ ಕರಿ ಉಣ್ಣೆಯಲ್ಲಿ ಹಾಕುತ್ತಾರೆ. ಕುರಿಬಲೆಗೆ ದೃಷ್ಟಿ ತಾಗಬಾರದೆಂದು ಅವರ ಮನೆತನದಲ್ಲಿ ನಡೆದುಬಂದ ರೂಢಿ ಇದು. ಬಲೆಯ ಸಾಲು ಬಿಚ್ಚಿಕೊಳ್ಳದಂತೆ ಹಿಡಿಯುವುದೂ ಅದೇ ಗಂಟು.

ಇಷ್ಟಾದರೂ ಬೋರವ್ವ ಒಂದು ಪಂದ್ಯವನ್ನೂ ನೋಡಿದವರಲ್ಲ. ಟಿಕೋಟಾ ದಾಟಿ ವಿಜಯಪುರ ತಲುಪಲು ಬಸ್ಸಿನಲ್ಲಿ ಬಹಳ ಹೊತ್ತೇನೂ ಬೇಕಿಲ್ಲ. ಆದರೆ ಪಂದ್ಯ ನಡೆಯುವುದು ಸಂಜೆ, ಕುರಿ ಮರಳಿ ಬರುವುದೂ ಸಂಜೆ. ಅಲ್ಲಿ ಒಂದು ಬಲೆಗೆ ಚೆಂಡು ಬೀಳುವಾಗ ಇಲ್ಲಿ ಇನ್ನೊಂದು ಬಲೆ ಕಟ್ಟುವ ಕೆಲಸವಿರುತ್ತದೆ. ಹಾಗಾಗಿ ಪಂದ್ಯ ಮುಗಿದೊಡನೆ ರಾಜಾರಾಮ ಫೋನ್ ಮಾಡುತ್ತಾರೆ. ಬೋರವ್ವ ಕೇಳುವುದು ಎರಡೇ ಪ್ರಶ್ನೆ. ಚೆಂಡು ಎಷ್ಟು ಸಲ ಬಿತ್ತು, ಬಲೆ ಹಿಡಿಯಿತೇ.

ಅವರ ಬಲೆಯ ಮೊದಲ ಪಂದ್ಯವನ್ನು ಡೋಣಿ ಸೊನ್ನೆ-ನಾಲ್ಕರಿಂದ ಸೋತಿತು. ಕುಸಿದ ದನಿಯಲ್ಲಿ ರಾಜಾರಾಮ ‘ನಾಕು’ ಎಂದರು. ಬಲೆ ಹಿಡಿಯಿತೇ ಎಂದದ್ದಕ್ಕೆ ಹಿಡಿಯಿತು ಎಂದರು. ಬೋರವ್ವನಿಗೆ ಸಂತೋಷ ಹಿಡಿಸಲಾರದಷ್ಟಾಯಿತು. ಮರುದಿನ ಡಬ್ಬಿ ತುಂಬ ಮಾದಲಿ ಮಾಡಿ ವಿಜಯಪುರದ ಬಸ್ಸಿಗೆ ಹಾಕಿಕೊಟ್ಟರು. ಮೋರೆ ಜೋಲು ಹಾಕಿ ಕುಳಿತಿದ್ದ ಆಟಗಾರರ ಮುಂದೆ ಸಿಹಿಯ ಡಬ್ಬಿ ಬಂದಾಗ ಯಾರೋ ಅಣಕಿಸಲು ಕಳಿಸಿದ್ದಾರೆಂದೇ ಅವರು ತಿಳಿದರು. ರಾಜಾರಾಮ ಸಂಗತಿ ಬಿಡಿಸಿ ಹೇಳಿದ ಮೇಲೆ ನಕ್ಕೂ ನಕ್ಕೂ ಡಬ್ಬಿ ಖಾಲಿ ಮಾಡಿದರು. ಆ ನಾಲ್ಕೂ ಎದುರಾಳಿಗಳು ಹೊಡೆದವು ಎಂಬ ನಿಜವನ್ನು ಬೋರವ್ವನಿಗೆ ಮಾತ್ರ ರಾಜಾರಾಮ ಎರಡು ವರ್ಷ ಹೇಳಲಿಲ್ಲ. ಹೇಳಲು ಮನಸ್ಸೇ ಬರಲಿಲ್ಲವಂತೆ.

ಕೊನೆಗೊಮ್ಮೆ ಹೇಳಿದಾಗ ಬೋರವ್ವ ಮೊಳೆಯ ಹಗ್ಗವನ್ನು ಕೈಗೆ ತೆಗೆದುಕೊಂಡು ನೋಡಿದರು. ಹಗ್ಗದ ಗಂಟುಗಳಲ್ಲಿ ಯಾವುದು ತಮ್ಮವರದು, ಯಾವುದು ಎದುರಿನವರದು ಎಂದು ಈಗ ಯಾರೂ ಬೇರ್ಪಡಿಸಲಾರರು. ಅವರು ಬೇರ್ಪಡಿಸಲೂ ಇಲ್ಲ.

“ಬಲಿಗೆ ನಮ್ಮವ್ರು, ಮಂದಿ ಅಂತ ಇರಂಗಿಲ್ರಿ. ಬಂದದ್ದು ಹಿಡೀಬೇಕು, ಅಷ್ಟ.”

ಹೀಗಿದ್ದವರಿಗೆ ಈ ಸಲ ನಿದ್ದೆ ಸರಿಯಾಗಿಲ್ಲ. ಕ್ಲಬ್ಬಿನ ಹೊಸ ಪ್ರಾಯೋಜಕರು ಯಂತ್ರದಲ್ಲಿ ನೇಯ್ದ ಬಲೆಯ ಜೋಡಿಯೊಂದನ್ನು ಕಳಿಸಿದ್ದಾರೆ. ಮಂಗಳವಾರ ಟೂರ್ನಿಯ ಪರಿವೀಕ್ಷಕರು ಬರುತ್ತಾರೆ, ಎರಡು ಜೋಡಿಯನ್ನೂ ತೋರಿಸಬೇಕು, ಅವರು ಯಾವುದನ್ನು ಒಪ್ಪುತ್ತಾರೋ ಅದನ್ನೇ ಕಟ್ಟಬೇಕು ಎಂದು ಆಡಳಿತದವರು ತೀರ್ಮಾನಿಸಿದ್ದಾರೆ. ರಾಜಾರಾಮ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ತಿಳಿಸಿದ್ದಾರೆ. ಒಮ್ಮೆ ಯಂತ್ರದ ಬಲೆ ಹತ್ತಿದರೆ ಮುಂದೆ ಬಿಜ್ಜರಗಿಗೆ ಫೋನ್ ಬರುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತು.

“ಮಷಿನ್ನಿಂದು ಭಾಳ ಚಂದ ಐತಂತ. ಇರಬಹುದ್ರಿ,” ಎನ್ನುತ್ತ ಬೋರವ್ವ ದಬ್ಬಣಕ್ಕೆ ನೂಲು ಸುತ್ತುತ್ತಾರೆ. “ಆದ್ರ ಸೋಲೋ ಪಂದ್ಯಕ್ಕೆಲ್ಲಾ ನನ್ನ ಬಲಿ ಇತ್ತು. ಇಂಥಾ ಪಂದ್ಯಕ್ಕ ಇರಬಾರದನು ಅನಸ್ತೈತಿ.”

ಆ ತೊಂಬತ್ತು ಗಂಟು ಮುಗಿಯುವ ಹೊತ್ತಿಗೆ ಬಿಸಿಲು ಏರಿದೆ. ಕರಿ ಉಣ್ಣೆಯ ಕಡೆಯ ಗಂಟು ಬಿಗಿದು, ಬಲೆ ಮಡಚಿ, ಚೀಲಕ್ಕೆ ತುಂಬುತ್ತಾರೆ. ಸೋಮವಾರ ರಾಜಾರಾಮ ಬಂದು ಒಯ್ಯುತ್ತಾರೆ.

ಮಂಗಳವಾರ ಬೋರವ್ವ ದ್ರಾಕ್ಷಿ ತೋಟದಲ್ಲಿದ್ದಾರೆ. ಹಕ್ಕಿಗಳು ಬಾರದಂತೆ ಚಪ್ಪರದ ಮೇಲೆ ಹೊದಿಸಿದ ಬಲೆಯ ಹರುಕು ಹೊಲಿಯುವ ಕೆಲಸ. ಫೋನು ಸೊಂಟದಲ್ಲಿದೆ. ದಿನಕ್ಕೆ ಹತ್ತು ಸಲ ಮರೆಯುವ ಫೋನನ್ನು ಇಂದು ಮೂರು ಸಲ ತೆಗೆದು ನೋಡಿದ್ದಾರೆ. ಹನ್ನೊಂದು ಗಂಟೆಗೆ ಅದು ರಿಂಗಣಿಸುತ್ತದೆ.

ಮೈದಾನದಲ್ಲಿ ನಡೆದದ್ದನ್ನು ರಾಜಾರಾಮ ಒಂದೇ ಉಸಿರಿಗೆ ಹೇಳುತ್ತಾರೆ. ಒಂದು ಕಡೆ ಯಂತ್ರದ ಬಲೆ, ಇನ್ನೊಂದು ಕಡೆ ಬೋರವ್ವನ ಬಲೆ ಕಟ್ಟಿದ್ದರು. ಪರಿವೀಕ್ಷಕರು ಅಳತೆ ಹಿಡಿದರು, ಜಗ್ಗಿದರು, ಆಮೇಲೆ ತಾವೇ ಹತ್ತಾರು ಸಲ ಚೆಂಡು ಒದ್ದರು. ಯಂತ್ರದ ಬಲೆಯಿಂದ ಚೆಂಡು ಪುಟಿದು ಬಂತು. ಬೋರವ್ವನ ಬಲೆಯಲ್ಲಿ ಅದು ಹೊಡೆದಷ್ಟೂ ಸಲ ಒಳಗೇ ಉಳಿದು ನೆಲಕ್ಕಿಳಿಯಿತು. ಇದೇ ಇರಲಿ ಎಂದರು. ಆದರೆ ಕೆಳಮೂಲೆಯ ಕರಿ ಗಂಟು ಅವರ ಕಣ್ಣಿಗೆ ಬಿತ್ತು. ಬಲೆಯೆಲ್ಲ ಒಂದೇ ಬಣ್ಣ ಇರಬೇಕೆಂಬ ನಿಯಮ ಈ ವರ್ಷ ಬಂದಿದೆ, ಅದು ಹೋಗಬೇಕು. ಕತ್ತರಿ ಹಚ್ಚಿ ಬಿಳಿ ದಾರ ಕಟ್ಟಲೇ ಎಂದು ರಾಜಾರಾಮ ಕೇಳುತ್ತಾರೆ.

ಬೋರವ್ವ ಚಪ್ಪರದ ಕಲ್ಲುಕಂಬಕ್ಕೆ ಒರಗುತ್ತಾರೆ. ಆ ಗಂಟಿಗೆ ಕತ್ತರಿ ಹಚ್ಚಿದರೆ ಸಾಲು ಸಡಿಲಾಗುತ್ತದೆ. ಮತ್ತೆ ಒಂದು ತೂತು, ಮತ್ತೆ ಒಂದು ಸೊನ್ನೆ-ಒಂದು.

“ಕತ್ತರಿ ಹಚ್ಚಬ್ಯಾಡ ತಮ್ಮಾ. ಕಟ್ಟಿದಾಕಿ ನಾ, ಬಿಚ್ಚಾಕೂ ನಾನ ಬರ್ತೇನಿ.”

ಬುಧವಾರ ಸಂಜೆ ಕುರಿಗಳ ಬಲೆ ತಾನು ಕಟ್ಟುತ್ತೇನೆ, ಪಂದ್ಯ ನೋಡಿಕೊಂಡೇ ಬಾ ಎಂದು ಶಂಕರೆಪ್ಪ ತಾವಾಗಿಯೇ ಹೇಳಿದ್ದಾರೆ. ಬುಧವಾರ ಬೆಳಿಗ್ಗೆ ಬೋರವ್ವ ಎಂಟು ವರ್ಷದಲ್ಲಿ ಮೊದಲ ಸಲ ತಮ್ಮ ಬಲೆ ಇರುವಲ್ಲಿಗೆ ತಾವೇ ಬಸ್ಸು ಹತ್ತುತ್ತಾರೆ. ವಿಜಯಪುರದ ಇಬ್ರಾಹಿಂಪುರ ಬಡಾವಣೆಯ ರೈಲ್ವೆ ಹಳಿಯ ಆಚೆಗಿನ ಮೈದಾನದಲ್ಲಿ ತಮ್ಮ ಬಲೆ ಕಂಬಕ್ಕೆ ನಿಂತದ್ದನ್ನು ಕಂಡು ಒಂದು ಕ್ಷಣ ಅಲ್ಲೇ ನಿಲ್ಲುತ್ತಾರೆ. ಮನೆಯ ಮರದ ನಡುವೆ ಅದು ಇಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕಾಲಿಡುತ್ತಾರೆ. ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕರಿ ಉಣ್ಣೆಯ ಗಂಟನ್ನು ನಿಧಾನವಾಗಿ ಸಡಿಲಿಸಿ, ಅದು ಕಳಚುವ ಮೊದಲೇ ಬಿಳಿ ನೂಲು ಏರಿಸಿ ಬಿಗಿಯುತ್ತಾರೆ. ಎರಡನೆಯ ಬಲೆಗೂ ಹಾಗೇ. ಬಿಡಿಸಿದ ಎರಡು ಎಳೆಗಳನ್ನು ಎಸೆಯಲು ಮನಸ್ಸಾಗುವುದಿಲ್ಲ. ಒಟ್ಟಿಗೆ ಹೊಸೆದು ತಮ್ಮ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಾರೆ. ದೃಷ್ಟಿ ತಾಗುವುದಿದ್ದರೆ ತನಗೇ ತಾಗಲಿ ಎಂದು ರಾಜಾರಾಮನಿಗೆ ಹೇಳುತ್ತಾರೆ.

ಸಂಜೆ ಐದಕ್ಕೆ ಆಟ ಶುರು. ರಾಜಾರಾಮ ಅವರಿಗೆ ಒಂದು ಗೋಲಿನ ಹಿಂದೆಯೇ ಜಾಗ ಮಾಡಿಕೊಟ್ಟಿದ್ದಾರೆ. ಮೊದಲರ್ಧದಲ್ಲಿ ಆ ಗೋಲು ಡೋಣಿಯದು. ಎದುರಾಳಿಗಳು ಮತ್ತೆ ಮತ್ತೆ ಇದೇ ಕಡೆ ನುಗ್ಗಿ ಬರುತ್ತಾರೆ. ಬೋರವ್ವ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ತುಟಿ ಬಿಗಿದು ಕುಳಿತಿದ್ದಾರೆ. ಒಂದು ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋದಾಗ ದೊಡ್ಡದಾಗಿ ಉಸಿರು ಬಿಡುತ್ತಾರೆ. ವಿರಾಮದಲ್ಲಿ ಚಹಾ ತಂದುಕೊಟ್ಟ ರಾಜಾರಾಮನಿಗೆ ಅವರು ಮೆಲ್ಲಗೆ ಹೇಳಿದ ಮಾತು ಇದು.

“ನನ್ನ ಬಲಿಗೆ ಚೆಂಡ ಬರಬಾರದಂತ ಇವತ್ತ ಬೇಡ್ಕೊಂಡ್ನಿ ತಮ್ಮಾ. ಹಿಂಗ ಯಾವತ್ತೂ ಬೇಡಿದಾಕಿ ಅಲ್ಲ.”

ವಿರಾಮದ ನಂತರ ತಂಡಗಳು ಕಡೆ ಬದಲಿಸುತ್ತವೆ. ಈಗ ಬೋರವ್ವನ ಮುಂದಿರುವುದು ಎದುರಾಳಿಗಳ ಗೋಲು. ಎಪ್ಪತ್ತೊಂದನೆಯ ನಿಮಿಷ. ಡೋಣಿಯ ಹುಡುಗನ ಕಾಲಿನಿಂದ ಹೊರಟ ಚೆಂಡು ಗೋಲ್‌ಕೀಪರನ ಕೈ ತಪ್ಪಿಸಿ ನೇರವಾಗಿ ಬೋರವ್ವನ ಕಡೆಗೇ ಬರುತ್ತದೆ. ಬಲೆ ಅವರತ್ತ ಉಬ್ಬುತ್ತದೆ, ಚೆಂಡನ್ನು ನುಂಗುತ್ತದೆ, ನೆಲಕ್ಕಿಳಿಸುತ್ತದೆ. ಸುತ್ತಲಿನ ಜನವೆಲ್ಲ ಎದ್ದು ಕುಣಿಯುತ್ತಾರೆ. ಬೋರವ್ವ ಏಳುವುದಿಲ್ಲ. ಬಲೆಯ ಅಲುಗಾಟ ನಿಲ್ಲುವವರೆಗೂ ಅದನ್ನೇ ನೋಡುತ್ತಾರೆ, ಕೆಳಮೂಲೆಯ ಹೊಸ ಗಂಟು ಗಟ್ಟಿಯಾಗಿದೆಯೇ ಎಂದು ನೋಡುತ್ತಾರೆ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಡೋಣಿ ಒಂದು-ಸೊನ್ನೆಯಿಂದ ಗೆದ್ದು ಏಷ್ಯಾದ ಕೊನೆಯ ಎಂಟರೊಳಗೆ ಕಾಲಿಡುತ್ತದೆ.

ಗುರುವಾರ, ಬೆಳಗಿನ ಐದು ಗಂಟೆ. ಬೇವಿನ ಮರದ ನಡುವಿನ ಹಗ್ಗ ಖಾಲಿ ಇದೆ. ಬೋರವ್ವ ಬಾಗಿಲ ಬಳಿ ನಿಂತು ಕಂದು ಹಗ್ಗಕ್ಕೆ ಇಪ್ಪತ್ತೇಳನೆಯ ಗಂಟು ಹಾಕುತ್ತಾರೆ. ಆಮೇಲೆ ಕಲ್ಲು ತಂದು ಪಕ್ಕದಲ್ಲಿ ಇನ್ನೊಂದು ಮೊಳೆ ಬಡಿಯುತ್ತಾರೆ. ಮಣಿಕಟ್ಟಿನ ಕರಿ ಉಣ್ಣೆಯನ್ನು ಬಿಚ್ಚಿ ಅದಕ್ಕೆ ತೂಗುಹಾಕುತ್ತಾರೆ. ಇನ್ನು ಮುಂದೆ ಕಂದು ಹಗ್ಗ ತಮ್ಮವರ ಗೋಲಿಗೆ, ಈ ಕರಿ ಹಗ್ಗ ಎದುರಿನವರ ಗೋಲಿಗೆ ಎಂದು ಗಂಡನಿಗೆ ವಿವರಿಸುತ್ತಾರೆ. ಶಂಕರೆಪ್ಪ ಹತ್ತಿರ ಬಂದು ನೋಡುತ್ತಾರೆ. ಎದುರಿನವರ ಹಗ್ಗ ಗೇಣುದ್ದವೂ ಇಲ್ಲ. ಇದು ಬಹಳ ಗಿಡ್ಡ, ನಾಲ್ಕು ಗಂಟಿಗೂ ಸಾಲದು ಎನ್ನುತ್ತಾರೆ.

“ಅವ್ರದು ಅಷ್ಟ ಇರ್ಲಿ ಬಿಡ್ರಿ,” ಎಂದು ಬೋರವ್ವ ದಬ್ಬಣಕ್ಕೆ ಹೊಸ ನೂಲು ಸುತ್ತಲು ಕೂರುತ್ತಾರೆ.