ಸಿದ್ದಮ್ಮನ ಅರ್ಧ ತಾಸು

ಜನವಾಡದ ಸಿದ್ದಮ್ಮನಿಗೆ ಎದೆನೋವು ಬಂದು, ಬೀದರಿನಲ್ಲಿ ಸ್ಟೆಂಟ್ ಹಾಕಿದ್ದರು. ದಿನಾ ಅರ್ಧ ತಾಸು ನಡೆಯಬೇಕು, ಭಾರ ಎತ್ತಬಾರದು ಎಂದು ಡಾಕ್ಟರ್ ಹೇಳಿದ್ದರು. ಆಶಾ ಕಾರ್ಯಕರ್ತೆಯಾದ ನಾನು ಹೋಗಿ ನೋಡಿದರೆ ಆಕೆ ಹೊರಸಿನಿಂದ ಇಳಿದೇ ಇರಲಿಲ್ಲ.

"ಖಾಲಿ ಕೈಲೆ ಓಣ್ಯಾಗ ತಿರುಗಿದ್ರ ಮಂದಿ ಏನಂತಾರ? ಮನ್ಯಾಗ ಕೆಲಸಿಲ್ಲೇನ್ ಈಕಿಗಿ ಅಂತಾರ."

"ಹಂಗಾದ್ರ ಒಂದು ಖಾಲಿ ಕೊಡ ಹಿಡ್ಕೊಂಡು ಹೋಗ್ರಿ," ಎಂದೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಮೂರನೇ ದಿನ ದಾರಿಯಲ್ಲಿ ಎದುರಾದಳು. ಸೊಂಟದ ಮೇಲೆ ತುಂಬಿದ ಕೊಡ, ಮುಖದ ತುಂಬ ಬೆವರು. ಕೊಡ ಕಸಿದುಕೊಂಡು, "ಸಾಯ್ಬೇಕಂತ ಮಾಡೀರೇನ್ರಿ?" ಎಂದು ಒದರಿದೆ.

ಕಟ್ಟೆಯ ಮೇಲೆ ಕೂತು, ಉಸಿರು ತಿರುಗಿದ ಮೇಲೆ ಹೇಳಿದಳು: "ಖಾಲಿ ಕೊಡ ಹೊತ್ಕೊಂಡು ಮನಿಗಿ ಹ್ಯಾಂಗ ಬರ್ಲಿ? ಅಪಶಕುನ ಅಲ್ಲೇನ? ಹತ್ತನೇ ಇಯತ್ತಾ ತನಕ ಸಾಲಿ ಕಲ್ತೀದಿ, ಇಷ್ಟೂ ಗೊತ್ತಿಲ್ಲೇನ್ ನಿನಗ?"

ತಪ್ಪು ನನ್ನದೇ. ಅದೇ ದಿನ ಆಕೆಯನ್ನು ದವಾಖಾನೆಗೆ ತೋರಿಸಿದೆ. ಡಾಕ್ಟರ್ ಹೂಂ ಅಂದ ಮೇಲೆ, ನನ್ನ ಮಗಳನ್ನು ಅಂಗನವಾಡಿಗೆ ಬಿಟ್ಟು ಮನೆಮನೆಗೆ ಹೋಗುವಾಗ ಆಕೆಯನ್ನೂ ಜೊತೆಗೆ ಕರೆದುಕೊಂಡು ಹೊರಟೆ, ನಿಧಾನಕ್ಕೆ, ಕೈಬೀಸಿಕೊಂಡು.

"ಎಲ್ಲಿಗಿ ಹೊಂಟೀರಿ ಆಯಿ?" ಎಂದು ಯಾರು ಕೇಳಿದರೂ ಸಿದ್ದಮ್ಮನ ಉತ್ತರ ಒಂದೇ: "ಈ ಪೋರಿಗಿ ಕೆಲಸ ಬರಂಗಿಲ್ಲ. ಕಲಿಸ್ಲಾಕ ಹೊಂಟೀನಿ."

ದಿನಾ ಅರ್ಧ ತಾಸು ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದರೆ ನಮ್ಮ ಅತ್ತೆ ಈಗಲೂ ನಂಬುವುದಿಲ್ಲ.