ಚಿಕ್ಕಮ್ಮನ ತಲೆಗೆ ಮಾವನ ಮುಂಡಾಸು

ನಮ್ಮ ಬೀದಿಯ ಹೆಂಗಸರ ಜುಟ್ಟೆಲ್ಲ ನನ್ನ ಚಿಕ್ಕಮ್ಮನ ಕೈಯಲ್ಲಿ. ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದಾಳೆ, ಕತ್ತರಿಗಿಂತ ಬಾಯಿ ಚುರುಕು. ಅಂಥವಳು, ಕಾಯಿಲೆಯ ಔಷಧಿಗೆ ಕೂದಲೆಲ್ಲ ಉದುರಿದ ಮೇಲೆ ಹೊಸಿಲು ದಾಟಲಿಲ್ಲ. ಕಾಯಿಲೆ ವಾಸಿಯಾದರೂ ಪಾರ್ಲರಿನ ಬೀಗ ತೆಗೆಯಲಿಲ್ಲ.

"ಬೋಳು ತಲೆಯವಳ ಕೈಗೆ ಯಾರೇ ತಲೆ ಕೊಡ್ತಾರೆ?" ಎಂದು ನನ್ನ ಮೇಲೇ ರೇಗಿದಳು.

ಅವಳ ಅತ್ತೆಯದು ಬೇರೆ ಕತೆ. ಮಾವ ತೀರಿಹೋದ ಮೇಲೆ ಬೆಳಗಾದರೆ ಅವರ ಕೈಗೆ ಕೆಲಸವೇ ಇರಲಿಲ್ಲ. ಮಾವ ಮೀಸೆ ತಿರುವುತ್ತಾ ಮೆರೆಸುತ್ತಿದ್ದ ಮುಂಡಾಸನ್ನು ದಿನಾ ಕಟ್ಟುತ್ತಿದ್ದವರು ಅತ್ತೆಯೇ. "ನಂಗೆ ಕಟ್ಟಕ್ಕೆ ಬರಲ್ಲ ಕಣೇ" ಎಂದು ಆ ಮಹಾರಾಯರು ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು.

ಒಂದು ಬೆಳಗ್ಗೆ ಅತ್ತೆ ಪೆಟ್ಟಿಗೆಯಿಂದ ಆ ಮುಂಡಾಸಿನ ಬಟ್ಟೆ ತೆಗೆದರು. ಸೊಸೆಯನ್ನು ಅದೇ ಸ್ಟೂಲಿನ ಮೇಲೆ ಕೂರಿಸಿ, ಒಂದು ತುದಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟು ಬಾಗಿಲ ಬಳಿ ನಿಲ್ಲಿಸಿದರು. ಬಟ್ಟೆ ಬಿಗಿಯಾಗಿರಬೇಕು, ಸುತ್ತಿದ ಹಾಗೆಲ್ಲ ಹಿಡಿದವನು ಹತ್ತಿರ ಬರಬೇಕು. ಕೊನೆಯ ಸುತ್ತಿಗೆ ಚಿಕ್ಕಪ್ಪನ ಮೂಗು ಚಿಕ್ಕಮ್ಮನ ಕಿವಿಗೆ ತಾಗಿತು.

ಅವಳು ಕನ್ನಡಿ ನೋಡಿಕೊಂಡು, "ಮಾವನ ಹಾಗೇ ಇದ್ದೀನಿ. ಮೀಸೆಯೊಂದು ಕಮ್ಮಿ" ಎಂದಳು. ಅವಳ ಬಾಯಲ್ಲಿ ತಮಾಷೆ ಕೇಳಿ ಎಷ್ಟು ಕಾಲವಾಗಿತ್ತೋ, ನನಗೆ ಕಣ್ಣು ತುಂಬಿತು.

ಅಂದೇ ಪಾರ್ಲರ್ ತೆರೆಯಿತು. ಮೊದಲು ಬಂದ ಬ್ಯಾಂಕಿನ ಮೇಡಂ, "ಇದು ಹೊಸ ಫ್ಯಾಷನ್ನಾ? ನಂಗೂ ಬೇಕು" ಎಂದರು. ಅವರನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು. ಅತ್ತೆಗೂ ಪಾರ್ಲರಿನಲ್ಲೊಂದು ಕುರ್ಚಿ ಬಿತ್ತು. ಸುತ್ತುತ್ತಾ ಸುತ್ತುತ್ತಾ ಅವರು ಹೇಳುತ್ತಿದ್ದರು: "ಬಿಸಿಲಿಗೆ ನೆರಳು, ಮಲಗಿದ್ರೆ ದಿಂಬು, ಬಾವಿಗಿಳಿಸಿದ್ರೆ ಹಗ್ಗ, ಎಲ್ಲಾ ಇದೇ ಆಗಿತ್ತಮ್ಮಾ. ನಮ್ಮನೆಯವರ ತಲೆ ಮೇಲಿದ್ದಾಗ ಹಳೇ ಕಾಲದ್ದು ಅಂತ ನಕ್ರು. ನಿಮ್ಮ ತಲೆಗೆ ಬಂತು ನೋಡಿ, ಫ್ಯಾಷನ್ ಆಯ್ತು."

ಫ್ಯಾಷನ್ ಎಲ್ಲಿ ನಿಲ್ಲುತ್ತದೆ? ಟೋಪಿಯ ಹಾಗೆ ಹೊಲಿದಿಟ್ಟ ಮುಂಡಾಸುಗಳು ಅಂಗಡಿಗೆ ಬಂದವು. ಅತ್ತೆಯ ಕುರ್ಚಿ ಖಾಲಿಯಾಯಿತು. ಅಷ್ಟರಲ್ಲಿ ಚಿಕ್ಕಮ್ಮನ ಕೂದಲೂ ಬೆಳೆದು ಕಿವಿ ಮುಚ್ಚಿತ್ತು. ಇನ್ನು ಮುಂಡಾಸು ಬೇಡವೆಂದರೆ ಅತ್ತೆ ಮತ್ತೆ ಮೂಲೆ ಹಿಡಿದಾರೆಂದು ಅವಳಿಗೆ ಭಯ. ಬೆಳಗ್ಗೆ ಎಂದಿನಂತೆ ಸ್ಟೂಲಿನ ಮೇಲೆ ಕೂತು, "ಕಟ್ಟಿ ಅತ್ತೆ, ನಂಗೆ ಕಟ್ಟಕ್ಕೆ ಬರಲ್ಲ" ಎಂದಳು.

ಅತ್ತೆ ಸೊಸೆಯ ಹೊಸ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸವರಿದರು. ಬಟ್ಟೆ ಕೈಗೆತ್ತಿಕೊಂಡರು.

"ನಿಮ್ಮ ಮಾವಾನೂ ಇದೇ ಹೇಳ್ತಿದ್ರು. ಒಬ್ಬರೇ ಬೇರೆ ಊರಿಗೆ ಹೋದಾಗ ಯಾರು ಕಟ್ತಾರೆ ಅಂತ ನಾನು ಒಂದಿನಾನೂ ಕೇಳಲಿಲ್ಲ."